ತೋಟದಲ್ಲೇ ಕಂಬವಿತ್ತು, ಕರೆಂಟು ಮಾತ್ರ 340 ಮೀಟರ್ ದೂರವಿತ್ತು: ಕೊಡಗಿನ ಒಂದು ಹೊಸ ಮನೆಯ ಸಂಪರ್ಕ ವೆಚ್ಚ

ಪೊನ್ನಂಪೇಟೆ ತಾಲ್ಲೂಕಿನ ಒಂದು ಗ್ರಾಮಕ್ಕೆ, ಬ್ಯಾಂಕ್ ನೌಕರಿ ಮುಗಿಸಿ ಮೈಸೂರಿನಿಂದ ಮರಳಿದ ದಂಪತಿ, ತಮ್ಮ ಪಾಲಿಗೆ ಬಂದ ಮೂರು ಎಕರೆ ಕಾಫಿ ತೋಟದಲ್ಲಿ 2023ರ ನವೆಂಬರ್‌ನಲ್ಲಿ ಮನೆ ಕಟ್ಟಲು ಆರಂಭಿಸಿದರು. 1,450 ಚದರಡಿಯ ಒಂದಂತಸ್ತಿನ ಮನೆ. ಚದರಡಿಗೆ 2,100 ರೂಪಾಯಿಯಂತೆ 30,45,000 ರೂಪಾಯಿಗೆ ಗುತ್ತಿಗೆ ಆಗಿತ್ತು. ಗುತ್ತಿಗೆದಾರರು ಕೊಟ್ಟ ಅಂದಾಜು ಪಟ್ಟಿಯಲ್ಲಿ ತಳಪಾಯದ ಸೈಜುಗಲ್ಲಿನಿಂದ ಹಿಡಿದು ಕಿಟಕಿಯ ಸರಳಿನವರೆಗೆ ಎಲ್ಲವೂ ಪ್ರತ್ಯೇಕವಾಗಿ ನಮೂದಾಗಿದ್ದವು. ಕೊನೆಯ ಸಾಲಿನಲ್ಲಿ ಮಾತ್ರ ‘ಕರೆಂಟು, ನೀರು, ಇತರೆ: 1,00,000’ ಎಂದಿತ್ತು. ಗೃಹಪ್ರವೇಶದ ಹೊತ್ತಿಗೆ ಆ ಒಂದು ಸಾಲಿನ ನಿಜವಾದ ಮೊತ್ತ 6,05,000 ರೂಪಾಯಿ ಮುಟ್ಟಿತ್ತು, ಅಂದರೆ ಗುತ್ತಿಗೆ ಮೊತ್ತದ ಸುಮಾರು ಐದನೇ ಒಂದು ಭಾಗ. ಈ ಲೆಕ್ಕದ ಕಡತವನ್ನು ಪೂರ್ತಿಯಾಗಿ ನೋಡುವ ಅವಕಾಶ ನನಗೆ ಸಿಕ್ಕಿತು. ಅದರಲ್ಲಿ ಯಾರೂ ಹಣ ನುಂಗಿದ ಕುರುಹು ಇಲ್ಲ, ಯಾವ ವಸ್ತುವೂ ಮಾರುಕಟ್ಟೆಗಿಂತ ದುಬಾರಿಯಾಗಿ ಬಂದಿಲ್ಲ. ಹೆಚ್ಚಿನ ಖರ್ಚೆಲ್ಲ ಹುಟ್ಟಿದ್ದು ಮನೆಯ ಜಾಗ ಆರಿಸಿದ ದಿನವೇ, ಪಾಯ ತೋಡುವುದಕ್ಕೂ ಮೊದಲು.

ತೋಟದ ಆಕಾರವನ್ನು ಮೊದಲು ತಿಳಿಯಬೇಕು. ಕೆಳಭಾಗದಲ್ಲಿ ಪಂಚಾಯಿತಿ ರಸ್ತೆ, ರಸ್ತೆಯಾಚೆ ಗದ್ದೆ. ರಸ್ತೆಯಿಂದ ಹಿಂದಕ್ಕೆ ರೊಬಸ್ಟಾ ಗಿಡಗಳ ನಡುವೆ ಇಳಿಜಾರು ಏರುತ್ತ ಹೋಗಿ, ತುದಿಯಲ್ಲಿ ಒಂದು ಸಮತಟ್ಟು ದಿಣ್ಣೆ. ಮನೆಗೆ ಎರಡು ಜಾಗಗಳ ಆಲೋಚನೆ ಇತ್ತು: ರಸ್ತೆಯ ಪಕ್ಕದ ಹಳೆಯ ಕಣ ಮತ್ತು ಮೇಲಿನ ದಿಣ್ಣೆ. ದಂಪತಿ ದಿಣ್ಣೆಯನ್ನು ಆರಿಸಿದರು. ಇದನ್ನು ನೋಟದ ಮೋಹ ಎಂದು ತಳ್ಳಿಹಾಕುವುದು ತಪ್ಪಾಗುತ್ತದೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಮತ್ತು ಸೋಮವಾರಪೇಟೆ ತಾಲ್ಲೂಕುಗಳ ಗುಡ್ಡಗಳು ಕುಸಿದದ್ದು, ಮರುವರ್ಷ ವಿರಾಜಪೇಟೆ ಕಡೆಯ ತೋರದಲ್ಲಿ ಮನೆಗಳ ಮೇಲೆ ಮಣ್ಣು ಬಿದ್ದದ್ದು ಇಲ್ಲಿನವರ ಮನಸ್ಸಿನಿಂದ ಹೋಗಿಲ್ಲ. ಇಳಿಜಾರಿನ ಬುಡವನ್ನು ಕಡಿದು ಮನೆಗೆ ಮಟ್ಟ ಮಾಡುವುದು ಕುಸಿತಕ್ಕೆ ದಾರಿ ಎಂಬುದು ಈಗ ಜಿಲ್ಲೆಯಲ್ಲಿ ಎಲ್ಲರೂ ಬಲ್ಲ ವಿಷಯ. ಕಣದ ಹಿಂದೆ ಹಾಗೆ ಕಡಿದ ಎಂಟಡಿ ಎತ್ತರದ ಬರೆ ಇತ್ತು. ದಿಣ್ಣೆಯಲ್ಲಿ ಕಡಿಯುವ ಅಗತ್ಯವೇ ಇರಲಿಲ್ಲ. ದಿಣ್ಣೆಯ ಆಯ್ಕೆ ಸರಿಯಾಗಿಯೇ ಇದ್ದಿರಬಹುದು, ಆದರೆ ಅದರ ಬೆಲೆಯನ್ನು ಯಾರೂ ಆ ಹೊತ್ತಿಗೆ ಲೆಕ್ಕ ಹಾಕಿರಲಿಲ್ಲ.

ಲೆಕ್ಕ ಹಾಕದಿರಲು ಕಾರಣ ಒಂದು ಕಂಬ. ದಿಣ್ಣೆಯಿಂದ ಇಪ್ಪತ್ತೈದು ಮೀಟರ್ ದೂರದಲ್ಲಿ, ಅವರದೇ ತೋಟದ ಗಡಿಯಲ್ಲಿ, ವಿದ್ಯುತ್ ಲೈನ್ ಹಾದುಹೋಗಿತ್ತು. ‘ಕಂಬ ನಮ್ಮ ತೋಟದಲ್ಲೇ ಇದೆ’ ಎಂದು ಯಜಮಾನರು ಹೇಳಿದ್ದನ್ನು ಗುತ್ತಿಗೆದಾರರು ಹಾಗೆಯೇ ಬರೆದುಕೊಂಡರು. ಅರ್ಜಿಗೆ ಮುನ್ನ ಸ್ಥಳ ನೋಡಲು ಬಂದ ಲೈನ್‌ಮನ್ ತಲೆಯೆತ್ತಿ ಒಮ್ಮೆ ನೋಡಿ, ‘ಇದು ಇಲೆವೆನ್ ಕೆವಿ ಸಾರ್, ಇದರಿಂದ ಮನೆಗೆ ಎಳೆಯೋಕಾಗಲ್ಲ’ ಎಂದರು. 11 ಕಿಲೋವೋಲ್ಟ್ ಲೈನಿನಲ್ಲಿ ಹರಿಯುವುದು ಮನೆಗೆ ಬೇಕಾದ 230 ವೋಲ್ಟ್ ಅಲ್ಲ; ನಡುವೆ ಟ್ರಾನ್ಸ್‌ಫಾರ್ಮರ್ ಇಲ್ಲದೆ ಅದು ಮನೆಯ ಮಟ್ಟಿಗೆ ಇದ್ದೂ ಇಲ್ಲದಂತೆ. ನೆಲದಲ್ಲಿ ನಿಂತೇ ಇದನ್ನು ಗುರುತಿಸಬಹುದು. ಹನ್ನೊಂದು ಕೆವಿ ಕಂಬದ ತುದಿಯಲ್ಲಿ ಮೂರೇ ತಂತಿಗಳಿರುತ್ತವೆ. ಎರಡು ‘ವಿ’ ಆಕಾರದ ಕಬ್ಬಿಣದ ತೋಳಿನ ಎರಡು ಬದಿಗೆ, ಒಂದು ನಡುವೆ ಮೇಲಕ್ಕೆ, ಪ್ರತಿಯೊಂದೂ ದೊಡ್ಡ ಪಿಂಗಾಣಿ ಇನ್ಸುಲೇಟರಿನ ಮೇಲೆ ಕುಳಿತಿರುತ್ತದೆ. ಮನೆಗಳಿಗೆ ಕೊಡುವ ಎಲ್‌ಟಿ (ಕಡಿಮೆ ವೋಲ್ಟೇಜಿನ) ಲೈನಿನಲ್ಲಿ ನಾಲ್ಕು ಅಥವಾ ಐದು ತಂತಿಗಳು, ಚಿಕ್ಕ ಇನ್ಸುಲೇಟರುಗಳು; ಕಂಬದಿಂದ ಅಕ್ಕಪಕ್ಕದ ಮನೆಗಳಿಗೆ ಸರ್ವೀಸ್ ವೈರ್ ಇಳಿದಿರುವುದೂ ಕಾಣುತ್ತದೆ. ಹನ್ನೊಂದು ಕೆವಿ ಲೈನ್ ಪಕ್ಕದಲ್ಲಿರುವುದು ಅನುಕೂಲಕ್ಕಿಂತ ನಿರ್ಬಂಧವೇ ಹೆಚ್ಚು: ಕಟ್ಟಡದ ಯಾವ ಭಾಗವೂ ಅಂಥ ತಂತಿಗೆ ಅಡ್ಡಲಾಗಿ 1.2 ಮೀಟರ್, ನೇರ ಕೆಳಗಿದ್ದರೆ 3.7 ಮೀಟರ್ ಅಂತರದೊಳಗೆ ಬರುವಂತಿಲ್ಲ.

ಹತ್ತಿರದ ಎಲ್‌ಟಿ ಕಂಬ ಇದ್ದದ್ದು ರಸ್ತೆಯ ತಿರುವಿನಾಚೆ, ಪೈಸಾರಿಯ (ಸರ್ಕಾರಿ ಜಮೀನಿನ) ಮನೆಗಳ ಬಳಿ. ಅಲ್ಲಿಂದ ದಿಣ್ಣೆಗೆ ಕರೆಂಟು ತರಲು ಮೂರು ದಾರಿಗಳಿದ್ದವು. ಮೊದಲನೆಯದು ಪಕ್ಕದ ತೋಟದ ಮೂಲಕ ನೇರವಾಗಿ 190 ಮೀಟರ್, ನಾಲ್ಕು ಕಂಬ, ಸುಮಾರು 1,40,000 ರೂಪಾಯಿ. ಎರಡನೆಯದು ರಸ್ತೆಯ ಅಂಚಿನಲ್ಲಿ ಬಂದು ತಮ್ಮದೇ ತೋಟದ ದಾರಿಯಲ್ಲಿ ಏರುವ 340 ಮೀಟರ್, ಎಂಟು ಕಂಬ, 2,60,000 ರೂಪಾಯಿ. ಮೂರನೆಯದು ತೋಟದ ಗಡಿಯ ಹನ್ನೊಂದು ಕೆವಿ ಲೈನಿನ ಕೆಳಗೆ 25 ಕೆವಿಎ ಟಿಸಿ (ಟ್ರಾನ್ಸ್‌ಫಾರ್ಮರ್) ಕೂರಿಸುವುದು. ಕಂಬಗಳ ಕಟ್ಟು, ಸಿಡಿಲು ನಿರೋಧಕ, ಅರ್ಥಿಂಗ್ ಎಲ್ಲ ಸೇರಿ ಅದರ ಅಂದಾಜು 3,40,000ಕ್ಕೆ ಹೋಯಿತು. ಮೂರು ಕಿಲೋವ್ಯಾಟಿನ ಒಂದು ಮನೆಗೆ ಒಂದು ಟಿಸಿ ಎಂಬುದು ಹಣದ ಮಾತನ್ನು ಬಿಟ್ಟರೂ ಅತಿಯಾದ ಏರ್ಪಾಡು.

ಇಲ್ಲಿ ಎಲ್ಲರೂ ಕೇಳುವ ಪ್ರಶ್ನೆಯನ್ನು ಯಜಮಾನರೂ ಕೇಳಿದರು: ಕಂಬ ನೆಡದೆ, ಮರದಿಂದ ಮರಕ್ಕೆ ಸರ್ವೀಸ್ ವೈರನ್ನೇ ಎಳೆದರೆ ಆಗದೇ? ಸುರಕ್ಷತೆಯ ನಿಯಮವನ್ನು ಪಕ್ಕಕ್ಕಿಟ್ಟು ಬರೀ ಲೆಕ್ಕವನ್ನೇ ನೋಡೋಣ. ಸಾಮಾನ್ಯವಾಗಿ ಬಳಸುವ 4 ಚದರ ಮಿಲಿಮೀಟರ್ ಅಲ್ಯೂಮಿನಿಯಂ ವೈರಿನ ರೋಧ ಕಿಲೋಮೀಟರಿಗೆ ಸುಮಾರು 7.4 ಓಮ್. 340 ಮೀಟರ್ ದೂರಕ್ಕೆ ಕರೆಂಟು ಹೋಗಿ ಮರಳುವ ದಾರಿ 680 ಮೀಟರ್ ಆಗುವುದರಿಂದ ಒಟ್ಟು ರೋಧ 5 ಓಮ್. ಬೋರ್‌ವೆಲ್ ಮೋಟಾರು 12 ಆಂಪಿಯರ್ ಎಳೆದರೆ ವೈರಿನಲ್ಲೇ 60 ವೋಲ್ಟ್ ಕಳೆದುಹೋಗಿ ಮನೆಯಲ್ಲಿ 170 ವೋಲ್ಟ್ ಉಳಿಯುತ್ತದೆ. ಮೋಟಾರು ಹೊರಡುವಾಗ ಇದರ ಹಲವು ಪಟ್ಟು ಆಂಪಿಯರ್ ಬೇಡುವುದರಿಂದ ಅದು ಗುಂಯ್‌ಗುಟ್ಟಿ ನಿಲ್ಲುವುದೇ ಹೊರತು ತಿರುಗುವುದಿಲ್ಲ. ರೊಬಸ್ಟಾ ಹೂವಿಗಾಗಿ ಊರೆಲ್ಲ ಸ್ಪ್ರಿಂಕ್ಲರ್ ಓಡಿಸುವ ಫೆಬ್ರವರಿ, ಮಾರ್ಚ್‌ನಲ್ಲಿ ಕಂಬದಲ್ಲೇ 230 ಇರುವ ಭರವಸೆ ಇಲ್ಲ ಎಂಬುದನ್ನೂ ಈ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಅಗ್ಗದ ಮೊದಲ ದಾರಿ ಮುಚ್ಚಿದ್ದು ಆ ಪಕ್ಕದ ತೋಟದ ಒಡೆಯರಾದ, ಯಜಮಾನರ ದೊಡ್ಡಪ್ಪನ ಮಗನ ಒಪ್ಪಿಗೆ ಸಿಗದೆ. ಇದನ್ನು ದಾಯಾದಿ ಮತ್ಸರ ಎಂದು ಊರು ಬೇಗ ತೀರ್ಮಾನಿಸಿತು, ಆದರೆ ಅವರ ವಾದದಲ್ಲಿ ಹುರುಳಿತ್ತು. ಲೈನ್ ಹಾದುಹೋಗುವ ಪಟ್ಟಿಯಲ್ಲಿ ನೆರಳಿನ ಮರಗಳ ಕೊಂಬೆಗಳನ್ನು ಪ್ರತಿವರ್ಷ ಮಳೆಗಾಲಕ್ಕೆ ಮೊದಲು ಸವರಬೇಕಾಗುತ್ತದೆ, ಕೆಲವನ್ನು ಕಡಿಯಲೇಬೇಕಾಗುತ್ತದೆ. ಸಿಲ್ವರ್ ಓಕ್ ಕಡಿಯುವುದು ಹೇಗೋ ನಡೆಯುತ್ತದೆ, ಆದರೆ ಆ ಮರಗಳಿಗೆ ಹಬ್ಬಿದ್ದ ಹನ್ನೆರಡು ವರ್ಷದ ಮೆಣಸಿನ ಬಳ್ಳಿ ಮರಳಿ ಬರುವುದಿಲ್ಲ. ದಾರಿಯ ನಡುವೆ ಒಂದು ಬೀಟೆ ಮರವೂ ಇತ್ತು, ಅದನ್ನು ಮುಟ್ಟಲು ಅರಣ್ಯ ಇಲಾಖೆಯ ಅನುಮತಿ ಬೇಕು. ಜೊತೆಗೆ ಕೇಳಿದ ಸಮಯ ಜನವರಿ, ಗಿಡದ ತುಂಬ ಹಣ್ಣು, ಕಾಫಿ ಕುಯ್ಯುವ ಆಳುಗಳು ತೋಟದಲ್ಲಿ. ಆ ಹೊತ್ತಿನಲ್ಲಿ ಕಂಬದ ಗುಂಡಿ ತೋಡಲು ಯಾವ ಬೆಳೆಗಾರರೂ ಒಪ್ಪುವುದಿಲ್ಲ.

ಕಾನೂನಿನಲ್ಲಿ ಒಪ್ಪಿಗೆ ಸಿಗದವರಿಗೂ ದಾರಿ ಇದೆ. 2006ರ ವರ್ಕ್ಸ್ ಆಫ್ ಲೈಸೆನ್ಸೀಸ್ ನಿಯಮಗಳ ಪ್ರಕಾರ ಖಾಸಗಿ ಜಮೀನಿನ ಮೇಲೆ ಲೈನ್ ಎಳೆಯಲು ಮಾಲೀಕರ ಒಪ್ಪಿಗೆ ಬೇಕು. ಅವರು ಆಕ್ಷೇಪಿಸಿದರೆ ವಿದ್ಯುತ್ ಕಂಪನಿಯು ಜಿಲ್ಲಾ ದಂಡಾಧಿಕಾರಿಯ, ಅಂದರೆ ನಮ್ಮಲ್ಲಿ ಮಡಿಕೇರಿಯ ಜಿಲ್ಲಾಧಿಕಾರಿಯ, ಲಿಖಿತ ಅನುಮತಿ ಪಡೆದು ಮುಂದುವರಿಯಬಹುದು. ದಂಪತಿ ಆ ದಾರಿ ಹಿಡಿಯಲಿಲ್ಲ. ಕೈಲ್ ಮುಹೂರ್ತ, ಹುತ್ತರಿ ಹಬ್ಬಗಳಿಗೆ ಕುಟುಂಬದ ಮೂಲಮನೆಯಾದ ಐನ್‌ಮನೆಯಲ್ಲಿ ಮುಖಾಮುಖಿಯಾಗಲೇಬೇಕಾದವರ ಮೇಲೆ ಜಿಲ್ಲಾಧಿಕಾರಿಯ ಕಚೇರಿಗೆ ಹೋಗುವುದಕ್ಕೆ 1,20,000 ರೂಪಾಯಿಯ ಉಳಿತಾಯ ಸಾಲದು ಎಂಬುದು ಅವರ ಲೆಕ್ಕ. ನನಗೂ ಅದು ಸರಿಯೆನಿಸುತ್ತದೆ. ಅಲ್ಲದೆ ಆ ಜಮೀನೂ ಇವರ ಜಮೀನೂ ಆರ್‌ಟಿಸಿಯಲ್ಲಿ ಒಂದೇ ಜಮ್ಮಾ ಬಾಣೆ (ವಂಶಪಾರಂಪರ್ಯವಾಗಿ ಬಂದ ಕುಟುಂಬದ ಜಮೀನು), ಪಟ್ಟೇದಾರರ (ಕುಟುಂಬದ ಹಿರಿಯರ) ಹೆಸರಿನಲ್ಲಿ ಇದ್ದದ್ದು. ಸಂಪರ್ಕದ ಅರ್ಜಿಗೆ ಮಾಲೀಕತ್ವದ ದಾಖಲೆಯಾಗಿ ಒಕ್ಕದವರ (ಒಂದೇ ಮನೆತನದವರ) ಒಪ್ಪಿಗೆ ಪತ್ರ ಬೇಕಾಗಿತ್ತು. ಲೈನಿಗೆ ಜಾಗ ಕೊಡದವರೇ ಆ ಪತ್ರಕ್ಕೆ ಮರುಮಾತಿಲ್ಲದೆ ಸಹಿ ಹಾಕಿದರು ಎಂಬುದನ್ನೂ ಇಲ್ಲಿ ದಾಖಲಿಸಬೇಕು.

ಉಳಿದದ್ದು ಎಂಟು ಕಂಬದ ದಾರಿ. ಕೊಡಗಿಗೆ ವಿದ್ಯುತ್ ಪೂರೈಸುವುದು ಚೆಸ್ಕಾಂ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 43ನೇ ಸೆಕ್ಷನ್ ಅರ್ಜಿ ಹಾಕಿದವರಿಗೆ ಸಂಪರ್ಕ ಕೊಡುವುದನ್ನು ಕಂಪನಿಯ ಕರ್ತವ್ಯವಾಗಿಸಿದೆ, 46ನೇ ಸೆಕ್ಷನ್ ಅದಕ್ಕೆ ತಗಲುವ ನ್ಯಾಯವಾದ ವೆಚ್ಚವನ್ನು ನಿಯಂತ್ರಣ ಆಯೋಗದ ನಿಯಮದಂತೆ ಅರ್ಜಿದಾರರಿಂದ ಪಡೆಯಲು ಅವಕಾಶ ಕೊಟ್ಟಿದೆ. ಮೊದಲ ಅರ್ಧವನ್ನು ಓದಿದವರು ಎರಡನೆಯದನ್ನು ಓದಿರುವುದಿಲ್ಲ. ಅದೇ ರೀತಿ, 2020ರ ಗ್ರಾಹಕ ಹಕ್ಕುಗಳ ನಿಯಮಗಳು ಗ್ರಾಮೀಣ ಸಂಪರ್ಕಕ್ಕೆ 30 ದಿನಗಳ ಗಡುವು ಹಾಕಿದ್ದವು. 2024ರ ತಿದ್ದುಪಡಿ ಅದನ್ನು 15ಕ್ಕೆ ಇಳಿಸಿದರೂ ಗುಡ್ಡಗಾಡಿನ ಗ್ರಾಮಗಳಿಗೆ 30 ದಿನವನ್ನೇ ಉಳಿಸಿತು. ಆದರೆ ಈ ಗಡುವು ಲೈನ್ ವಿಸ್ತರಣೆ ಬೇಡದ ಸಂಪರ್ಕಗಳಿಗೆ ಅನ್ವಯಿಸುವಂಥದು. ಕಂಬ ನೆಡಬೇಕಾದಲ್ಲಿ ಎಣಿಕೆ ಬೇರೆ. ಕಂಪನಿಯೇ ಕೆಲಸ ಮಾಡಿಕೊಡುವವರೆಗೆ ಕಾಯದೆ, ಅಂದಾಜು ಮಂಜೂರಾದ ಮೇಲೆ ಪರವಾನಗಿ ಹೊಂದಿದ ಕಂಟ್ರಾಕ್ಟರರಿಂದ ತಾವೇ ಮಾಡಿಸುವ ‘ಸೆಲ್ಫ್ ಎಕ್ಸಿಕ್ಯೂಷನ್’ ಪದ್ಧತಿಯನ್ನು ದಂಪತಿ ಆರಿಸಿದರು. ಜೂನ್ ಹಿಡಿದರೆ ತೋಟದ ದಾರಿಯಲ್ಲಿ ಲಾರಿ ಏರುವುದಿಲ್ಲ, ಆಗ ಎಲ್ಲವೂ ಅಕ್ಟೋಬರ್‌ಗೆ ಹೋಗುತ್ತದೆ ಎಂಬುದೇ ಕಾರಣ. ಈ ಪದ್ಧತಿಯಲ್ಲಿ ಅಂದಾಜಿನ ಶೇ. 10ರಷ್ಟು ಮೇಲ್ವಿಚಾರಣಾ ಶುಲ್ಕವನ್ನು ಜಿಎಸ್‌ಟಿ ಸಹಿತ ಕಂಪನಿಗೆ ಕಟ್ಟಬೇಕು. ಅದು ಸುಮಾರು 31,000 ಆಯಿತು. ರಸ್ತೆಯ ಅಂಚಿನಲ್ಲಿ ಬರಿಯ ತಂತಿ, ತೋಟದೊಳಗೆ ಮರಗಳ ನಡುವೆ ಹೊದಿಕೆಯುಳ್ಳ ಎಬಿ ಕೇಬಲ್. ಮಳೆಗಾಲದಲ್ಲಿ ಕೊಂಬೆ ತಾಗಿ ಕರೆಂಟು ಹೋಗುವುದನ್ನು ತಪ್ಪಿಸುವ ಈ ಒಂದು ಹೆಚ್ಚುವರಿ ಖರ್ಚನ್ನು ಮಾತ್ರ ಯಾರಿಗಾದರೂ ನಿಸ್ಸಂಕೋಚವಾಗಿ ಸಲಹೆ ಮಾಡಬಹುದು.

ಪಟ್ಟಿಯಲ್ಲಿ ಯಾರೂ ಊಹಿಸದ ಬಾಬ್ತು ಕಂಬ ಸಾಗಿಸಿದ ಕೂಲಿ. ಎಂಟು ಕಂಬಗಳಲ್ಲಿ ಐದನ್ನು ಲಾರಿ ರಸ್ತೆಯ ಬದಿಗೆ ಇಳಿಸಿತು. ಉಳಿದ ಮೂರು ಇಳಿಜಾರಿನ ಮೇಲೆ ಹೋಗಬೇಕಿತ್ತು. ಎಂಟು ಮೀಟರ್ ಉದ್ದದ ಸಿಮೆಂಟ್ ಕಂಬಕ್ಕೆ ಹಗ್ಗ ಬಿಗಿದು, ಕೆಳಗೆ ಸಿಲ್ವರ್ ಓಕ್ ತುಂಡುಗಳನ್ನು ಉರುಳೆಯಾಗಿ ಹಾಸುತ್ತ, ಹಿಂದಿನ ತುಂಡನ್ನು ಓಡಿಹೋಗಿ ಮುಂದಕ್ಕೆ ತಂದು ಇಡುತ್ತ ಆಳುಗಳು ಎಳೆದರು. ತಿರುವಿನಲ್ಲಿ ಕಂಬ ತಿರುಗದೆ ನಾಲ್ಕು ಕಾಫಿ ಗಿಡ ಹೋದವು. ಕೊನೆಗೆ ಜೆಸಿಬಿಯನ್ನೂ ಕರೆಸಬೇಕಾಯಿತು. ಖರ್ಚು 18,000.

ಲೈನ್ ಬರುವವರೆಗೆ ಕಟ್ಟಡದ ಕೆಲಸಕ್ಕೆ ತಾತ್ಕಾಲಿಕ ಸಂಪರ್ಕವೂ ಸಿಗುವಂತಿರಲಿಲ್ಲ, ಏಕೆಂದರೆ ಅದನ್ನೂ ಅದೇ ಲೈನಿನಿಂದಲೇ ಕೊಡಬೇಕು. ಪಕ್ಕದ ಮನೆಯಿಂದ ವೈರ್ ಎಳೆದುಕೊಳ್ಳುವುದು ಹಳ್ಳಿಗಳಲ್ಲಿ ಮಾಮೂಲು, ಆದರೆ ಮಂಜೂರಾದ ಜಾಗ ಬಿಟ್ಟು ಬೇರೆಡೆ ವಿದ್ಯುತ್ ಬಳಸುವುದು 126ನೇ ಸೆಕ್ಷನ್ನಿನಡಿ ಅನಧಿಕೃತ ಬಳಕೆ. ಸಿಕ್ಕಿಬಿದ್ದರೆ ದರದ ಎರಡು ಪಟ್ಟು ವಸೂಲಾಗುವುದು ವೈರ್ ಕೊಟ್ಟ ಉಪಕಾರಿಯಿಂದ. ಆದ್ದರಿಂದ ಜನರೇಟರ್ ಬಾಡಿಗೆ, ಡೀಸೆಲ್ ಎಂದು 52,000 ಹೋಯಿತು. ಠೇವಣಿ, ಮೀಟರ್ ಬೋರ್ಡು, ಅರ್ಥಿಂಗ್ ಇತ್ಯಾದಿಗೆ 24,000. ಹೀಗೆ ವಿದ್ಯುತ್ತಿನ ಬಾಬ್ತು ಒಟ್ಟು 3,85,000. ‘ಈಗ ಕರೆಂಟು ಪುಕ್ಕಟೆ ಅಲ್ಲವೇ’ ಎಂದು ನೆಂಟರೊಬ್ಬರು ಕೇಳಿದ್ದರಂತೆ. ಗೃಹಜ್ಯೋತಿಯ 200 ಯೂನಿಟ್ ಮಿತಿಯ ರಿಯಾಯಿತಿ ಇರುವುದು ತಿಂಗಳ ಬಿಲ್ಲಿಗೆ, ಕಂಬಕ್ಕಲ್ಲ. ಸೌರ ವಿದ್ಯುತ್ತಿನ ಸಲಹೆಯೂ ಬಂದಿತ್ತು. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯ 78,000 ರೂಪಾಯಿವರೆಗಿನ ಸಹಾಯಧನ ಗ್ರಿಡ್ ಸಂಪರ್ಕವಿರುವ ಮನೆಗಳ ಚಾವಣಿಗೆ ಮಾತ್ರ. ಬ್ಯಾಟರಿಯನ್ನೇ ನಂಬಿ ಕೊಡಗಿನ ಜುಲೈ ತಿಂಗಳನ್ನು ದಾಟುವ ಆಲೋಚನೆ ಕಾಗದದಲ್ಲೇ ನಿಂತಿತು.

ನೀರಿನ ಕಥೆ ಇಷ್ಟು ಸುತ್ತುಬಳಸಿನದಲ್ಲ. ಬೋರ್‌ವೆಲ್ ಖರ್ಚನ್ನು ಎಲ್ಲರೂ ಅಡಿಗೆ ಇಷ್ಟು ಎಂದು ಕೊರೆತದ ದರದಲ್ಲಿ ಲೆಕ್ಕ ಹಾಕುತ್ತಾರೆ. ಕೊಡಗಿನಲ್ಲಿ ದುಡ್ಡು ತಿನ್ನುವುದು ಕೇಸಿಂಗ್ ಪೈಪು. ಗಟ್ಟಿ ಬಂಡೆ ಸಿಗುವವರೆಗೆ ಮಣ್ಣು ಕುಸಿಯದಂತೆ ಕೇಸಿಂಗ್ ಇಳಿಸಲೇಬೇಕು, ಇಲ್ಲಿ ಬಂಡೆಯ ಮೇಲಿನ ಕಳಿತ ಮಣ್ಣಿನ ಪದರ ಬಹಳ ಕಡೆ ದಪ್ಪ. ಈ ತೋಟದಲ್ಲಿ 40 ಅಡಿ ಅಂದಾಜಿಸಿದ್ದ ಕೇಸಿಂಗ್ 110 ಅಡಿ ಇಳಿಯಿತು. 320 ಅಡಿಗೆ ನೀರು ಸಿಕ್ಕಿತು. ಕೊರೆತಕ್ಕಿಂತ ಕೇಸಿಂಗಿನ ಬಿಲ್ಲೇ ದೊಡ್ಡದಾಗಿ ಎರಡೂ ಸೇರಿ 82,000 ಆಯಿತು. ನೀರಿನ ಬಿಂದು ಸಿಕ್ಕಿದ್ದು ಕೆಳಗೆ, ಕಣದ ಬಳಿ. ಮನೆ ಅಲ್ಲಿಂದ 28 ಮೀಟರ್ ಎತ್ತರದಲ್ಲಿ. ಹೀಗಾಗಿ ಒಂದು ಎಚ್‌ಪಿಯ ಬದಲು ಎರಡು ಎಚ್‌ಪಿ ಮೋಟಾರು, ಅದರ ಕೇಬಲ್ಲು, ಪೈಪು ಸೇರಿ 68,000. ದಿಣ್ಣೆಗೆ ಏರುವ ಪೈಪ್‌ಲೈನ್ 30,000. ನೀರಿಗೆ ಒಟ್ಟು 1,80,000. ಶೌಚಗುಂಡಿಯ ನೀರು ಇಂಗುವ ಗುಂಡಿ ಕುಡಿಯುವ ನೀರಿನ ಮೂಲದಿಂದ ಕನಿಷ್ಠ 18 ಮೀಟರ್ ದೂರವಿರಬೇಕೆಂಬ ಮಾನದಂಡವನ್ನು ಇಲ್ಲಿ ಪಾಲಿಸುವುದು ಸುಲಭವಾಗಿತ್ತು. ಆದರೆ ಇಳಿಜಾರಿನಲ್ಲಿ ಬೋರ್‌ವೆಲ್ಲಿನ ನೇರ ಮೇಲ್ಗಡೆ ಗುಂಡಿ ಬೇಡವೆಂದು ಅದನ್ನು ದಿಣ್ಣೆಯ ಇನ್ನೊಂದು ಮಗ್ಗುಲಿಗೆ ಒಯ್ದು, ತಡೆಗೋಡೆ ಕಟ್ಟಿದ್ದಕ್ಕೆ 40,000 ಹೆಚ್ಚು ಬಿತ್ತು.

ಮನೆಯನ್ನು ಕಣದಲ್ಲೇ ಕಟ್ಟಿದ್ದರೆ ಏನಾಗುತ್ತಿತ್ತು ಎಂದು ಅದೇ ದರಗಳಲ್ಲಿ ಲೆಕ್ಕ ಹಾಕಿ ನೋಡಿದೆ. ಅಲ್ಲಿಗೆ ರಸ್ತೆಯ ಅಂಚಿನಲ್ಲಿ ಎರಡೇ ಕಂಬ ಸಾಕಾಗಿ, ಅವೂ ಲಾರಿಯಿಂದ ನೇರವಾಗಿ ಗುಂಡಿಯ ಬಳಿ ಇಳಿದು, ಜನರೇಟರಿನ ಬದಲು ತಾತ್ಕಾಲಿಕ ಸಂಪರ್ಕದಲ್ಲೇ ಕೆಲಸ ಸಾಗಿ, ವಿದ್ಯುತ್ತಿನ ಬಾಬ್ತು ಒಂದು ಲಕ್ಷದ ಒಳಗೇ ಮುಗಿಯುತ್ತಿತ್ತು. ಏರುವ ಪೈಪ್‌ಲೈನೂ ಬೇಕಿರಲಿಲ್ಲ. ವ್ಯತ್ಯಾಸ ಮೂರು ಲಕ್ಷಕ್ಕೂ ಹೆಚ್ಚು. ಇದರ ಎದುರಿಗೆ ಕಣದ ಹಿಂದಿನ ಬರೆಗೆ ಭದ್ರವಾದ ತಡೆಗೋಡೆ ಕಟ್ಟುವ ಖರ್ಚನ್ನು ಇಡಬೇಕು, ಅದು ಸಣ್ಣದಲ್ಲ. ಈ ಎರಡು ಮೊತ್ತಗಳನ್ನು ಅಕ್ಕಪಕ್ಕ ಇಟ್ಟು ನೋಡಿಯೂ ದಂಪತಿ ದಿಣ್ಣೆಯನ್ನೇ ಆರಿಸುತ್ತಿದ್ದರೇನೋ. ಆದರೆ ಆಗ ಮೂರು ಲಕ್ಷವನ್ನು ಮೊದಲೇ ಸಾಲದ ಮೊತ್ತಕ್ಕೆ ಸೇರಿಸಿಕೊಳ್ಳುತ್ತಿದ್ದರು. ಈಗ ಅದು ನೆಲಹಾಸು ಮತ್ತು ಮರದ ಕೆಲಸದ ಹಣದಿಂದ ಹೋಯಿತು. ಅಂದಾಜು ಪಟ್ಟಿ ಬರೆಯುವವರು ಸಂಪರ್ಕದ ಖರ್ಚನ್ನು ‘ಇತರೆ’ ಎಂಬ ಸಾಲಿಗೆ ತಳ್ಳುವುದಕ್ಕೆ ನನ್ನ ಮುಖ್ಯ ಆಕ್ಷೇಪ ಇದೇ. ಮನೆಯ ಚದರಡಿಗೂ ಈ ಖರ್ಚಿಗೂ ಸಂಬಂಧವೇ ಇಲ್ಲ, ಆರು ನೂರು ಚದರಡಿಯ ಮನೆಯಾಗಿದ್ದರೂ ಆ ದಿಣ್ಣೆಗೆ ಎಂಟು ಕಂಬಗಳೇ ಬೇಕಾಗುತ್ತಿದ್ದವು.

ಈ ಮನೆಗೆ 2024ರ ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮುನ್ನ, ಲೈನ್ ಚಾರ್ಜ್ ಆಗಿ ಆರ್‌.ಆರ್‌. ನಂಬರ್ ಬಂತು. ಅದೇ ವರ್ಷ ಡಿಸೆಂಬರ್ 17ರಂದು ಸರ್ವೋಚ್ಚ ನ್ಯಾಯಾಲಯವು ವಿದ್ಯುತ್, ನೀರು, ಒಳಚರಂಡಿ ಸಂಪರ್ಕಗಳನ್ನು, ಕಟ್ಟಡವನ್ನು ಪರವಾನಗಿಯಂತೆ ಕಟ್ಟಲಾಗಿದೆ ಎಂಬ ಸ್ವಾಧೀನಾನುಭವ ಪ್ರಮಾಣಪತ್ರ ನೋಡಿಯೇ ಕೊಡಬೇಕೆಂದು ತೀರ್ಪಿತ್ತಿತು. ಆದ್ದರಿಂದ ಈಗ ಮನೆ ಕಟ್ಟಲು ಹೊರಟವರು ಭೂ ಪರಿವರ್ತನೆ ಮತ್ತು ಪಂಚಾಯಿತಿ ಪರವಾನಗಿಯ ಕಾಗದಗಳನ್ನು ಕಂಬದ ಲೆಕ್ಕಕ್ಕಿಂತ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಪ್ರಕರಣಕ್ಕೆ ಒಂದು ಉತ್ತರಾರ್ಧವಿದೆ. 2025ರ ಬೇಸಿಗೆಯಲ್ಲಿ ಅದೇ ದೊಡ್ಡಪ್ಪನ ಮಗ ರಸ್ತೆಯ ಪಕ್ಕದಲ್ಲಿ ತಮ್ಮ ಆಳುಗಳಿಗೆ ಲೈನ್ ಮನೆ (ಸಾಲುಮನೆ) ಕಟ್ಟಿಸಿ, ದಂಪತಿ ನೆಡಿಸಿದ ಐದನೇ ಕಂಬದಿಂದ ಸಂಪರ್ಕ ಪಡೆದರು. ಅವರಿಗೆ ಬಿದ್ದದ್ದು ಸರ್ವೀಸ್ ವೈರ್ ಮತ್ತು ಠೇವಣಿಯ ಖರ್ಚು ಮಾತ್ರ. ‘ನಮ್ಮ ದುಡ್ಡಿನ ಕಂಬ ಅಲ್ವಾ?’ ಎಂದು ಮನೆಯಾಕೆ ಕೇಳಿದಾಗ, ವೈರ್ ಎಳೆಯಲು ಬಂದವರು ‘ಚಾರ್ಜ್ ಆದ ಮೇಲೆ ಅದು ಕಂಪನಿ ಕಂಬ ಅಮ್ಮ’ ಎಂದರು. ಅವರು ಹೇಳಿದ್ದು ಸರಿ. ಸೆಲ್ಫ್ ಎಕ್ಸಿಕ್ಯೂಷನ್ನಿನಲ್ಲಿ ಕಟ್ಟಿದ ಲೈನನ್ನು ಚಾರ್ಜ್ ಆಗುವಾಗ ಕಂಪನಿಗೆ ಹಸ್ತಾಂತರಿಸಲಾಗುತ್ತದೆ. ಆಮೇಲೆ ಅದರ ನಿರ್ವಹಣೆಯೂ ಕಂಪನಿಯದು, ಅದರಿಂದ ಇನ್ನೊಬ್ಬರಿಗೆ ಸಂಪರ್ಕ ಕೊಡುವ ಹಕ್ಕೂ ಕಂಪನಿಯದು. ಮರ ಬಿದ್ದು ಕಂಬ ಮುರಿದರೆ ಹೊಸ ಕಂಬದ ಖರ್ಚು ದಂಪತಿಗೆ ಬರುವುದಿಲ್ಲ ಎಂಬುದು ಈ ವ್ಯವಸ್ಥೆಯ ಇನ್ನೊಂದು ಮುಖ, ಕೊಡಗಿನ ಮಳೆಗಾಲದಲ್ಲಿ ಅದು ಕಡಿಮೆ ಲಾಭವಲ್ಲ.

ಆದರೂ ಅಂದಾಜು ಮಂಜೂರಾಗುವ ಮೊದಲು ಆ ರಸ್ತೆಯ ಜಮೀನಿನವರನ್ನೆಲ್ಲ ಒಮ್ಮೆ ವಿಚಾರಿಸಿದ್ದರೆ, ಲೈನ್ ಮನೆಯ ಯೋಜನೆ ಆಗಲೇ ತಿಳಿಯುತ್ತಿತ್ತು. ಇಬ್ಬರೂ ಕೂಡಿ, ಯಾರು ಎಷ್ಟು ಕೊಡಬೇಕೆಂದು ಒಂದು ಕರಾರು ಬರೆದುಕೊಂಡು, ಒಟ್ಟಿಗೆ ಅರ್ಜಿ ಹಾಕಿದ್ದರೆ, ರಸ್ತೆಯ ಅಂಚಿನ ಐದು ಕಂಬಗಳ ಪಾಲು, ಮೇಲ್ವಿಚಾರಣಾ ಶುಲ್ಕವೂ ಸೇರಿ, ಸುಮಾರು 1,82,000 ರೂಪಾಯಿ. ಅದರಲ್ಲಿ ಅರ್ಧ, ಅಂದರೆ 91,000, ದಂಪತಿಗೆ ಉಳಿಯುತ್ತಿತ್ತು.